ಜಗ್ಗಿನಲ್ಲಿ ಉಳಿದದ್ದು

ಬ್ಯಾಟರಿ ಅಂಗಡಿಯ ಹಿಂದಿನ ಮೇಜಿನಲ್ಲಿ ಪುಟ್ಟಿ ನಿವ್ವಳ ಅಯಾನಿಕ್ ಸಮೀಕರಣ ಬರೆಯುತ್ತ ತಲೆ ಕೆರೆದುಕೊಳ್ಳುತ್ತಿದ್ದಳು. ಆಸಿಡ್‌ಗೆ ಅಡುಗೆ ಸೋಡಾ ಹಾಕಿದರೆ ಸೋಡಿಯಂ, ಸಲ್ಫೇಟ್ ಎರಡೂ ಉಣ್ಣದೆ ಎದ್ದುಹೋಗುವ ನೆಂಟರ ಹಾಗೆ ಬಂದಂತೆಯೇ ಹೊರಡುತ್ತವೆ, ಅವಕ್ಕೆ ಗೀಟು. ಉಳಿದ ಹೈಡ್ರೋಜನ್ ಅಯಾನು ಬೈಕಾರ್ಬನೇಟನ್ನು ಕೂಡಿ ನೀರು ಮತ್ತು ಗ್ಯಾಸ್ ಆಗಿಬಿಡುತ್ತದೆ. ಅಷ್ಟು ಉರಿಯುವುದು ಬರೀ ನೀರಾಗುತ್ತದಾ? ಪುಟ್ಟಿಗೆ ನಂಬಿಕೆ ಬರಲಿಲ್ಲ. ಬ್ಯಾಟರಿಗೆ ತುಂಬಲು ಅಪ್ಪ ಜಗ್ಗಿನಲ್ಲಿಟ್ಟಿದ್ದ ಆಸಿಡ್‌ಗೆ, ಟರ್ಮಿನಲ್ ಉಜ್ಜುವ ಸೋಡಾವನ್ನು ಚಮಚ ಚಮಚವಾಗಿ ಸುರಿದಳು. ಬುಸ್ಸೆಂದು ನೊರೆ ಉಕ್ಕಿತು. ನೊರೆ ನಿಂತರೆ ಆಸಿಡ್ ಮುಗಿದಂತೆ ಎಂದು ಶಾಲೆಯ ಮೇಡಂ ಹೇಳಿದ್ದರು.

ಅಷ್ಟರಲ್ಲಿ ಮುಂದಿನ ಶಟರ್ ದಡಾರೆಂದಿತು. ಆಸಿಡ್ ಹಾಳು ಮಾಡಿದ್ದು ಗೊತ್ತಾದರೆ ಅಪ್ಪ ಚರ್ಮ ಸುಲಿಯುತ್ತಾನೆಂದು, ಜಗ್ಗನ್ನು ಬೆಂಚಿನ ಮೇಲೆ ಇದ್ದಲ್ಲೇ ಇಟ್ಟು ಸೋಡಾ ಡಬ್ಬ ಬಚ್ಚಿಟ್ಟಳು.

ಬಂದವನು ಚಿಕ್ಕಪ್ಪ. ಬೆಳಿಗ್ಗೆ ಯಾರದೋ ಕಾರಿಗೆ ಪ್ಲಸ್ಸು ಮೈನಸ್ಸು ಅದಲುಬದಲು ಜೋಡಿಸಿ ವೈರೆಲ್ಲ ಸುಟ್ಟಿದ್ದಕ್ಕೆ ಅಪ್ಪ ಅವನನ್ನು ಗಿರಾಕಿಯ ಎದುರೇ ಕೇಬಲಿನಲ್ಲಿ ಬಾರಿಸಿ ಓಡಿಸಿದ್ದ. ಕೆನ್ನೆಯ ಬಾಸುಂಡೆ ಇನ್ನೂ ಕೆಂಪಗಿತ್ತು. ಮಾತಿಲ್ಲ ಕತೆಯಿಲ್ಲ, ಸದ್ದಿಗೆ ಹಿತ್ತಲಿನಿಂದ ಒಳಬಂದ ಅಪ್ಪನ ಕೂದಲು ಹಿಡಿದು ತಲೆಯನ್ನು ಬೆಂಚಿಗೆ ಅಪ್ಪಳಿಸಿದ. ಹುಬ್ಬು ಒಡೆದು ರಕ್ತ ಕಣ್ಣಿಗಿಳಿಯಿತು. ಅಪ್ಪ ಹೊಟ್ಟೆಗೆ ಒದ್ದ. ಬಿದ್ದ ಚಿಕ್ಕಪ್ಪ ಎದ್ದವನೇ ಜಗ್ಗಿಗೆ ಕೈ ಹಾಕಿದ.

"ನಾಳೆಯಿಂದ ಗಿರಾಕಿಗಳಿಗೆ ಯಾವ ಮುಖ ತೋರಿಸ್ತೀಯೋ ನೋಡ್ತೀನಿ ಅಣ್ಣ."

ಪುಟ್ಟಿ ಜಗ್ಗನ್ನೇ ನೋಡಿದಳು. ನೊರೆ ನಿಂತಿತ್ತಾ? ಕೊನೆಯ ಚಮಚಕ್ಕೂ ಬುಸ್ಸೆಂದಿತ್ತಾ?

ಚಿಕ್ಕಪ್ಪ ಎರಚಿದ. ಅಪ್ಪ ಮುಖ ಮುಚ್ಚಿಕೊಂಡು, ಕುತ್ತಿಗೆ ಕೊಯ್ದ ಪ್ರಾಣಿಯಂತೆ ಕೂಗುತ್ತ ನೆಲಕ್ಕುರುಳಿದ. ಪುಟ್ಟಿ ಬಕೆಟ್ಟಿನ ನೀರನ್ನೆಲ್ಲ ಅವನ ಮೇಲೆ ಸುರಿದು, ಅವನ ಕೈಯನ್ನು ಮುಖದಿಂದ ಸರಿಸಿ ನೋಡಿದಳು. ಒಡೆದ ಹುಬ್ಬು ಬಿಟ್ಟರೆ ಮುಖ ಇದ್ದ ಹಾಗೇ ಇತ್ತು.

ತನ್ನ ಕೈಗೂ ಸಿಡಿದಿದ್ದನ್ನು ಮುಟ್ಟಿ ನೋಡಿಕೊಂಡ ಚಿಕ್ಕಪ್ಪ ಗಳಗಳ ಅತ್ತ. "ಬರೀ ನೀರು ಕಣಣ್ಣ."

"ನೀನು ಎರಚಿದ್ದು ನೀರಲ್ಲ ಕಣೋ," ಎಂದ ಅಪ್ಪ, ಸ್ಪ್ಯಾನರ್ ಎತ್ತಿ ಎರಚಿದ ಕೈಯ ಮಣಿಕಟ್ಟಿಗೇ ಇಳಿಸಿದ. ಎಲುಬು ಲಟಕ್ಕೆಂದಿತು. ಎರಡನೇ ಏಟಿಗೆ ತಲೆಯ ಕಡೆ ಎತ್ತಿದಾಗ ಪುಟ್ಟಿ ಆ ತೋಳಿಗೆ ಜೋತುಬಿದ್ದಳು. ಆಸಿಡ್ ಹಾಳು ಮಾಡಿದ್ದು ತಾನೇ, ಹೊಡೆಯೋದಾದರೆ ತನಗೇ ಹೊಡಿ ಎಂದಳು.

ಅಪ್ಪ ಖಾಲಿ ಕೈಯಲ್ಲಿ ಅವಳ ಕೆನ್ನೆಗೆ ಒಂದು ಬಿಟ್ಟ. ಸ್ಪ್ಯಾನರ್ ಕೆಳಗೆ ಬಿತ್ತು. ಹೊಡೆದ ಕೈಯೇ ಅವಳ ತಲೆಯನ್ನು ಎದೆಗೆ ಒತ್ತಿಕೊಂಡಿತು.

"ಪೂರ್ತಿ ಹಾಳು ಮಾಡಿದ್ದೆ ತಾನೇ?"

"ಗೊತ್ತಿಲ್ಲಪ್ಪ. ನೊರೆ ನಿಂತಿದ್ದು ನಾನು ನೋಡ್ಲೇ ಇಲ್ಲ."