ಇಂಗ್ಲಿಷ್ ಮೊದಲು, ಮಲಯಾಳ ಆಮೇಲೆ

ದಾಮೋದರನ್‌ಗೆ ಮೇಧಾಳನ್ನು ಕಂಡರೆ ಆಗುತ್ತಿರಲಿಲ್ಲ. ಅವನನ್ನು ಕಂಡರೆ ಮೇಧಾಳಿಗೂ ಮೈಯೆಲ್ಲ ಉರಿಯುತ್ತಿತ್ತು. ಕೇರಳದ ಎಡಪ್ಪಳ್ಳಿಯ ಆ ಟಿವಿ ಚಾನೆಲ್ ಕಚೇರಿಯಲ್ಲಿ ಇದೇನೂ ಗುಟ್ಟಾಗಿರಲಿಲ್ಲ. ಇಬ್ಬರನ್ನೂ ಒಂದೇ ಮೇಜಿಗೆ ಕೂರಿಸಬಾರದೆಂದು ಕ್ಯಾಂಟೀನಿನಲ್ಲಿ ಚಾಯ ಸುರಿಯುವವನಿಗೂ ಗೊತ್ತಿತ್ತು.

ದಾಮೋದರನ್ ಕ್ರೀಡಾ ವಿಭಾಗದ ಮುಖ್ಯಸ್ಥ. ಇಪ್ಪತ್ತು ವರ್ಷ ಪತ್ರಿಕೆಯಲ್ಲಿ ಫುಟ್‌ಬಾಲ್ ಬರೆದು ಟಿವಿಗೆ ಬಂದವನು. ಕ್ಯಾಮೆರಾ ಎದುರು ನಿಂತರೆ ಬೆವರುತ್ತಿದ್ದ, ಹಾಗಾಗಿ ಹಿಂದೆ ಸರಿದು, ಎದುರು ನಿಲ್ಲಬಲ್ಲವರ ಮೇಲೆ ಹಲ್ಲು ಕಡಿಯುವ ಕೆಲಸವನ್ನು ಶ್ರದ್ಧೆಯಿಂದ ಮಾಡಿಕೊಂಡಿದ್ದ. ಮೇಧಾಳಿಗೆ ಇಪ್ಪತ್ತೇಳು. ಅಪ್ಪ ವೆಂಕಟೇಶ ಮಂಡ್ಯ ಕಡೆಯವರು, ತಿರುವನಂತಪುರದಲ್ಲಿ ಬಾಹ್ಯಾಕಾಶ ವಿಜ್ಞಾನಿ. ಮೂರು ವರ್ಷದವಳಿದ್ದಾಗ ಬಂದ ಹುಡುಗಿಗೆ ಮನೆಯೊಳಗೆ ಕನ್ನಡ, ಬೀದಿಗೆ ಮಲಯಾಳ, ಶಾಲೆಗೆ ಇಂಗ್ಲಿಷ್. ಬೆಳಿಗ್ಗೆಯ ಮಲಯಾಳ ಕ್ರೀಡಾ ವಾರ್ತೆಯನ್ನೂ ಮಧ್ಯಾಹ್ನ ಮೂರಕ್ಕೆ ಬರುವ ಐದು ನಿಮಿಷದ ಇಂಗ್ಲಿಷ್ ವಾರ್ತೆಯನ್ನೂ ಅವಳೇ ಓದುತ್ತಿದ್ದಳು. ಆ ಇಂಗ್ಲಿಷ್ ವಾರ್ತೆ ಹೇಳುವವರು ಕೇಳುವವರು ಇಲ್ಲದ ಕೂಸು. ಅವಳೇ ಬರೆದು, ಅವಳೇ ಜೋಡಿಸಿ, ಅವಳೇ ಓದಿ ಮುಗಿಸುತ್ತಿದ್ದಳು.

"ನಿನ್ನ ಮಲಯಾಳ ಚೆನ್ನಾಗಿಯೇ ಇದೆ," ಎಂದು ದಾಮೋದರನ್ ಎಲ್ಲರೆದುರು ಹೇಳುತ್ತಿದ್ದ. "ಬಾಡಿಗೆ ಮನೆಯನ್ನು ಒಪ್ಪವಾಗಿ ಇಟ್ಟುಕೊಂಡ ಹಾಗೆ."

ಅವಳು ನಗುತ್ತಿದ್ದಳು. ಆಮೇಲೆ ತ್ರಿಪ್ಪುಣಿತ್ತುರದ ತನ್ನ ಕೋಣೆಗೆ ಹೋಗಿ ಅವನ ವಂಶವನ್ನೆಲ್ಲ ಕನ್ನಡದಲ್ಲಿ ಬೈಯುತ್ತಿದ್ದಳು.

ಅದು ಎರಡು ಸಾವಿರದ ಆರರ ಮೇ ತಿಂಗಳು. ಜೂನ್ ಒಂಬತ್ತಕ್ಕೆ ಫುಟ್‌ಬಾಲ್ ವಿಶ್ವಕಪ್. ಊರೂರಲ್ಲಿ ಬ್ರೆಜಿಲ್‌ನವರು ಅರ್ಜೆಂಟೀನಾದವರು ಅಂತ ಅಣ್ಣತಮ್ಮಂದಿರೇ ಮಾತು ಬಿಟ್ಟಿದ್ದರು. ಚಾನೆಲ್‌ನಲ್ಲಿ ತಿಂಗಳಿಡೀ ದಿನಾ ಸಂಜೆ ಆರಕ್ಕೆ ಒಂದು ಗಂಟೆಯ ನೇರ ಕಾರ್ಯಕ್ರಮ. ಅದರ ಕುರ್ಚಿಯಲ್ಲಿ ಕೂತವರನ್ನು ಇಡೀ ಕೇರಳ ನೋಡುತ್ತದೆ. ಮೇಧಾಳಿಗೆ ಆ ಕುರ್ಚಿ ಬೇಕಿತ್ತು. ನಾಲ್ಕು ವರ್ಷ ಜಿಲ್ಲಾ ಮಟ್ಟದ ಕಬಡ್ಡಿ, ಕೆಸರು ಮೈದಾನ, ಬಾರದ ಮುಖ್ಯ ಅತಿಥಿ ಎಂದು ಮೈಕ್ ಹಿಡಿದು ಬಿಸಿಲಲ್ಲಿ ನಿಂತದ್ದೆಲ್ಲ ಅದಕ್ಕೇ. ದಾಮೋದರನ್ ಅದನ್ನು ಕೋಟ್ಟಯಂ ಬ್ಯೂರೋದಲ್ಲಿದ್ದ ತನ್ನ ಭಾವಮೈದುನನಿಗೆ ಎತ್ತಿಟ್ಟಿದ್ದಾನೆಂದು ಎಲ್ಲರೂ ಆಡಿಕೊಳ್ಳುತ್ತಿದ್ದರು.

ಇಂಥ ಹೊತ್ತಿನಲ್ಲಿ ಅವಳನ್ನು ತಿರುವನಂತಪುರಕ್ಕೆ ಅಟ್ಟಿದರು. ಒಂದು ವೇಟ್‌ಲಿಫ್ಟಿಂಗ್ ಸಂಘದ ಹಾಸ್ಟೆಲಿನ ಹುಡುಗಿಯೊಬ್ಬಳು ರಾಷ್ಟ್ರೀಯ ಸ್ಪರ್ಧೆಯಲ್ಲಿ ಉದ್ದೀಪನ ಮದ್ದಿನ ಪರೀಕ್ಷೆಯಲ್ಲಿ ಸಿಕ್ಕಿಬಿದ್ದಿದ್ದಳು. ಹುಡುಗಿಯದೊಂದು ಮಾತು, ಸಂಘದ ಕಾರ್ಯದರ್ಶಿಯದೊಂದು ಮಾತು, ಒಂದೂವರೆ ನಿಮಿಷದ ವರದಿ.

ಹುಡುಗಿಯ ಹೆಸರು ವಸಂತಿ. ಹತ್ತೊಂಬತ್ತು ವರ್ಷ, ಐವತ್ತಮೂರು ಕಿಲೋ ವಿಭಾಗ. ಕ್ಯಾಮೆರಾ ಎದುರು ಮಲಯಾಳದಲ್ಲಿ ಗಿಣಿಪಾಠ ಒಪ್ಪಿಸಿದಳು. ಶೀತವಾಗಿತ್ತು, ಅಂಗಡಿಯಿಂದ ಮಾತ್ರೆ ತಂದು ನುಂಗಿದೆ, ತಪ್ಪು ನನ್ನದೇ. ಕ್ಯಾಮೆರಾ ಆರಿಸಿ ಹೊರಟಾಗ ಮೇಧಾ ಕಬ್ಬಿಣದ ತಟ್ಟೆಯೊಂದಕ್ಕೆ ಕಾಲು ಎಡವಿ, "ಅಯ್ಯೋ ಕರ್ಮವೇ," ಎಂದಳು.

ವಸಂತಿ ತಟ್ಟನೆ ತಲೆಯೆತ್ತಿದಳು. "ನೀವು ಕನ್ನಡದವರಾ ಅಕ್ಕ? ಮೊದಲೇ ಹೇಳುದಲ್ವಾ."

ಅವಳು ಕಾಸರಗೋಡಿನ ಬದಿಯಡ್ಕದವಳು. ನಾಲ್ಕು ವರ್ಷದಿಂದ ಹಾಸ್ಟೆಲಿನಲ್ಲಿ ಕನ್ನಡ ಕೇಳದೆ ಕಿವಿ ಒಣಗಿತ್ತೋ ಏನೋ, ಗೇಟಿನವರೆಗೂ ಜೊತೆಗೇ ಬಂದಳು. ಮೇಧಾಳ ಕೈ ಹಿಡಿದುಕೊಂಡೇ ಹೇಳಿದಳು. "ಅಂಗಡಿ ಮಾತ್ರೆ ಅಲ್ಲ ಅಕ್ಕ. ಕೊಟ್ಟದ್ದು ಸಂಘದವರೇ. ತೂಕ ನೋಡುವ ಮೊದಲು ನಮಗೆ ಎಲ್ಲರಿಗೂ ಕೊಡ್ತಾರೆ. ಮೈಯ ನೀರು ಇಳಿದ್ರೆ ಎರಡು ಕಿಲೋ ಕಡಿಮೆ ಆಗ್ತದೆ. ಟೆಸ್ಟಿಗೆ ಕರೆದದ್ದು ನನ್ನನ್ನು ಮಾತ್ರ."

"ಮತ್ತೆ ಯಾಕೆ ತಪ್ಪು ನಿನ್ನದು ಅಂತ ಒಪ್ಕೊಂಡೆ?"

"ಸುಮ್ಮನಿದ್ರೆ ನಿಷೇಧ ಆರು ತಿಂಗಳಲ್ಲಿ ಬಿಡಿಸ್ತೇನೆ, ಪೊಲೀಸ್ ಟೀಮಿಗೆ ಸೇರಿಸ್ತೇನೆ ಅಂತ ಸೆಕ್ರೆಟರಿ ಹೇಳಿದ್ದಾರೆ. ನಂಗೆ ಆ ಕೆಲಸ ಬೇಕು ಅಕ್ಕ." ಕೈಯನ್ನು ಇನ್ನಷ್ಟು ಬಿಗಿಯಾಗಿ ಒತ್ತಿದಳು. "ಇದು ಟಿವಿಗೆ ಅಲ್ಲ ಆಯ್ತಾ. ನಿಮ್ಮತ್ರ ಹೇಳಿದ್ದು."

"ಇಲ್ಲ ಕಣೇ, ಹೇಳಲ್ಲ," ಎಂದಳು ಮೇಧಾ.

ಹೇಳುವಾಗ ಅದು ಸುಳ್ಳಾಗಿರಲಿಲ್ಲ. ಕಾರ್ಯದರ್ಶಿಯ ಕಚೇರಿಗೆ ಹೋಗುವ ಇಪ್ಪತ್ತು ನಿಮಿಷದಲ್ಲಿ ಅದು ಬೇರೆಯೇ ಆಯಿತು.

ಮೇಧಾಳ ಕೆಲಸದಲ್ಲಿ ಒಂದು ಪಟ್ಟು ಇತ್ತು. ಎರಡು ವಾರ್ತೆಗೂ ಬೇಕಾದ್ದರಿಂದ ಅವಳು ಪ್ರತಿಯೊಬ್ಬರಿಗೂ ಒಂದೇ ಪ್ರಶ್ನೆಯನ್ನು ಎರಡು ಸಲ ಕೇಳುತ್ತಿದ್ದಳು. ಯಾವಾಗಲೂ ಇಂಗ್ಲಿಷ್ ಮೊದಲು, ಮಲಯಾಳ ಆಮೇಲೆ. ಜನ ತಮ್ಮ ಎಚ್ಚರಿಕೆಯನ್ನೆಲ್ಲ ಇಂಗ್ಲಿಷಿನಲ್ಲೇ ಖರ್ಚು ಮಾಡಿಬಿಡುತ್ತಾರೆ. ಬೆನ್ನು ನೆಟ್ಟಗೆ ಮಾಡಿ, ಶಬ್ದ ಹುಡುಕಿ, ಒದ್ದಾಡಿ ಮುಗಿಸುವಷ್ಟರಲ್ಲಿ ಸುಸ್ತಾಗಿರುತ್ತಾರೆ. ಅಷ್ಟೊತ್ತಿಗೆ ಚಾಯ ಬರಬೇಕು. ಚಾಯದ ಲೋಟ ಕೈಗೆ ಬಂದಮೇಲೆ ಸ್ವಂತ ಭಾಷೆಯಲ್ಲಿ ಅದೇ ಪ್ರಶ್ನೆ ಕೇಳಿದರೆ, ಸಂದರ್ಶನ ಮುಗಿಯಿತು ಎಂಬಂತೆ ಮನುಷ್ಯ ಸಡಿಲವಾಗಿ ನಿಜ ಹೇಳುತ್ತಾನೆ. ನಾಲ್ಕು ವರ್ಷದಲ್ಲಿ ಈ ಪಟ್ಟು ಅವಳಿಗೆ ಒಮ್ಮೆಯೂ ಕೈಕೊಟ್ಟಿರಲಿಲ್ಲ.

ಕಾರ್ಯದರ್ಶಿ ಉಮಾಮಹೇಶ್ವರನ್ ಇಂಗ್ಲಿಷಿನಲ್ಲಿ ಪಾಠ ಓದಿದ. ಸಂಘ ಇಂಥದ್ದನ್ನು ಎಳ್ಳಷ್ಟೂ ಸಹಿಸುವುದಿಲ್ಲ, ಕ್ರೀಡಾಪಟು ಸ್ವಂತ ಬುದ್ಧಿಯಿಂದ ಮಾಡಿಕೊಂಡದ್ದು, ಕ್ರಮ ಜರುಗಿಸುತ್ತೇವೆ. ಚಾಯ ಬಂತು. ಕ್ಯಾಮೆರಾ ಓಡುತ್ತಲೇ ಇತ್ತು. ಮೇಧಾ ಮೆಲ್ಲಗೆ, ತಿರುವನಂತಪುರದವರ ರಾಗದ ಮಲಯಾಳದಲ್ಲಿ ಅದನ್ನೇ ಕೇಳಿದಳು, ತೂಕ ಇಳಿಸುವ ಮಾತ್ರೆ ಸಂಘದವರೇ ಕೊಟ್ಟರಾ ಎಂದು.

"ಮೋಳೇ, ಆಟ ನೋಡಿದವಳು ನೀನು, ನಿನಗೆ ಗೊತ್ತಿಲ್ಲವೇ," ಎಂದ ಅವನು, ಮಗಳೊಡನೆ ಆಡುವಂತೆ, ಲೋಟ ಊದುತ್ತ. "ತೂಕ ಇಳಿಸಲು ಎಲ್ಲ ಕಡೆಯೂ ಕೊಡುತ್ತಾರೆ, ನಾವೂ ಕೊಟ್ಟೆವು. ಈ ಹುಡುಗಿಯ ಗ್ರಹಚಾರ, ಸಿಕ್ಕಿಬಿದ್ದಳು." ಕ್ಯಾಮೆರಾದ ಕಡೆ ನೋಡಿ ನಕ್ಕ. "ಹಾಕಿದರೆ ಹಾಕು. ದಾಮೋದರನ್ ಕತ್ತರಿಸುತ್ತಾನೆ. ನಾವಿಬ್ಬರೂ ಕಾಲೇಜಿನಲ್ಲಿ ಒಂದೇ ಕೋಣೆಯಲ್ಲಿದ್ದವರು."

ಅವನ ಲೆಕ್ಕ ತಪ್ಪಾಗಿರಲಿಲ್ಲ. ಮರುದಿನ ಎಡಪ್ಪಳ್ಳಿಯ ಎಡಿಟಿಂಗ್ ಕೋಣೆಯಲ್ಲಿ ದಾಮೋದರನ್ ಟೇಪನ್ನು ಒಮ್ಮೆ ನೋಡಿ, "ಮಲಯಾಳದ ಮಾತು ತೆಗೆ," ಎಂದ. "ಇಂಗ್ಲಿಷಿನದನ್ನು ಹಾಕಿ ಕೆಳಗೆ ಮಲಯಾಳದಲ್ಲಿ ಬರಹ ಕೊಡು."

"ಸಾರ್, ಮಾತ್ರೆ ಕೊಟ್ಟೆವು ಅಂತ ಅವರ ಬಾಯಲ್ಲೇ ಹೇಳಿದ್ದಾರೆ."

"ಎಲ್ಲಿಂದಲೋ ಬಂದವಳಿಗೆ ಇಲ್ಲಿಯವರ ಮಾತಿನ ವರಸೆ ತಿಳಿಯುವುದಿಲ್ಲ. ವಿಶ್ವಕಪ್ ಕುರ್ಚಿ ಇನ್ನೂ ತೀರ್ಮಾನವಾಗಿಲ್ಲ, ಗೊತ್ತಲ್ಲ?"

"ಆಯ್ತು ಸಾರ್," ಎಂದಳು ಮೇಧಾ. ಬೆಳಗಿನ ವಾರ್ತೆಯಲ್ಲಿ ಅವನು ಹೇಳಿದಂತೆಯೇ ಮಾಡಿದಳು. ಮಧ್ಯಾಹ್ನದ ಇಂಗ್ಲಿಷ್ ವಾರ್ತೆಯ ಬಗ್ಗೆ ಅವನು ಏನೂ ಹೇಳಿರಲಿಲ್ಲ. ಅದನ್ನು ಅವನು ಜನ್ಮದಲ್ಲಿ ನೋಡಿದವನಲ್ಲ. ಮೂರು ಗಂಟೆಗೆ ಉಮಾಮಹೇಶ್ವರನ್ ಚಾಯ ಊದುತ್ತ ಮಲಯಾಳದಲ್ಲಿ ಹೇಳಿದ್ದೆಲ್ಲ, ಕೆಳಗೆ ಇಂಗ್ಲಿಷ್ ಬರಹದೊಂದಿಗೆ, ಒಂದು ಅಕ್ಷರವೂ ಬಿಡದೆ ಪ್ರಸಾರವಾಯಿತು.

ಯಾಕೆ ಹಾಕಿದಳು? ನ್ಯಾಯಕ್ಕೆ ಎಂದು ಆಮೇಲೆ ಎಲ್ಲರೂ ಬರೆದರು. ನ್ಯಾಯವೂ ಇತ್ತು, ಇಲ್ಲವೆನ್ನಲಾಗದು. ಆದರೆ ಗುಂಡಿ ಒತ್ತುವಾಗ ಅವಳ ಕಣ್ಣ ಮುಂದೆ ಇದ್ದದ್ದು ದಾಮೋದರನ್‌ನ ಮುಖ. ವಸಂತಿ ನೆನಪಾದಳು, ಒಂದು ಗಳಿಗೆ. ಅವಳು ಅಂದ ಒಂದು ಮಾತನ್ನೂ ನಾನು ಬಳಸಿಲ್ಲವಲ್ಲ ಎಂದು ತನಗೆ ತಾನೇ ಹೇಳಿಕೊಂಡಳು. ವಕೀಲರು ಹೇಳುವಂಥ ಮಾತು ಅದು.

ಯಾರೂ ನೋಡದ ವಾರ್ತೆಯನ್ನು ಅಂದು ಯಾರೋ ನೋಡಿದ್ದರು. ಮರುದಿನ ಪತ್ರಿಕೆಗಳಲ್ಲಿ ಬಂತು, ಮೂರನೆಯ ದಿನ ವಿಧಾನಸಭೆಯಲ್ಲಿ ಯಾರೋ ಪ್ರಶ್ನೆ ಎತ್ತಿದರು. ದಾಮೋದರನ್ ಕಚೇರಿ ನಡುವೆ ನಿಂತು, "ಉಂಡ ಮನೆಗೆ ಎರಡು ಬಗೆದವಳು," ಎಂದು ಕೂಗಾಡಿದ. ಅವಳೂ ಬಿಡಲಿಲ್ಲ. "ಕೋಣೆಯ ಗೆಳೆಯನ ಋಣ ತೀರಿಸಲು ಚಾನೆಲ್ ಇಟ್ಟಿಲ್ಲ ಸಾರ್," ಎಂದಳು, ಅವನು ಅಣಕಿಸುತ್ತಿದ್ದ ಬಾಡಿಗೆ ಮನೆಯ ಮಲಯಾಳದಲ್ಲೇ. ಮಾಲೀಕರಿಗೆ ಹೆಸರು ಬಂದದ್ದಷ್ಟೇ ಬೇಕಿತ್ತು. ಅವರು ಮೇಧಾಳನ್ನು ಕರೆಸಿ, ವಿಶ್ವಕಪ್ ಕುರ್ಚಿ ನಿನ್ನದು ಎಂದರು. ಅಂದು ಅವಳು ಲಿಫ್ಟಿನಲ್ಲಿ ಒಬ್ಬಳೇ ಇದ್ದಾಗ ಕುಣಿದದ್ದೂ ಉಂಟು.

ಸಂಘದವರು ತನಿಖೆ ಎಂದು ಏನೋ ಮಾಡಿದರು. ಉಮಾಮಹೇಶ್ವರನ್ ರಜೆಯ ಮೇಲೆ ಹೋದ. ಉಳಿದದ್ದನ್ನು ವಿಚಾರಿಸುವಷ್ಟು ಮೇಧಾಳಿಗೆ ಬಿಡುವಿರಲಿಲ್ಲ. ಮೂವತ್ತೆರಡು ತಂಡಗಳ ಆಟಗಾರರ ಹೆಸರನ್ನು ಬಾಯಿಪಾಠ ಮಾಡುವುದಿತ್ತು.

ಜೂನ್ ಒಂಬತ್ತರಂದು ಸಂಜೆ ಐದಕ್ಕೆ ಅರ್ಧ ಮೇಕಪ್ ಆಗಿದ್ದಾಗ ಕೆಳಗಿನಿಂದ ಫೋನ್ ಬಂತು. ವಸಂತಿ ಎಂಬವಳು ಬಂದಿದ್ದಾಳೆ. ಮೇಧಾಳಿಗೆ ಖುಷಿಯಾಯಿತು. ಎರಡು ಮಾತು ಒಳ್ಳೆಯದು ಹೇಳಿ ಹೋಗಲು ಬಂದಿದ್ದಾಳೆ ಎಂದುಕೊಂಡಳು. ಕ್ಯಾಮೆರಾದವನನ್ನು ಕರೆದರೆ ಹೇಗೆ ಎಂದೂ ಯೋಚಿಸಿದಳು, ನಾಚಿಕೆಯಿಲ್ಲದೆ.

ವಸಂತಿ ರಿಸೆಪ್ಷನ್ನಿನ ಸೋಫಾದಲ್ಲಿ ಕೂತಿರಲಿಲ್ಲ. ಎರಡು ಚೀಲಗಳ ನಡುವೆ ನಿಂತಿದ್ದಳು.

"ಏನೇ ವಸಂತಿ, ಊರಿಗೆ ಹೊರಟ್ಯಾ?" ಎಂದಳು ಮೇಧಾ.

"ಹೌದು ಮೇಡಂ," ಎಂದಳು ವಸಂತಿ, ಮಲಯಾಳದಲ್ಲಿ. "ಹಾಸ್ಟೆಲಿನಿಂದ ಹೊರಗೆ ಹಾಕಿದರು. ಮಾತ್ರೆ ತಂದು ಉಳಿದ ಹುಡುಗಿಯರಿಗೆ ಹಂಚಿದವಳೂ ನಾನೇ ಅಂತ ವರದಿ ಬರೆದಿದ್ದಾರೆ. ಹುಡುಗಿಯರು ಸಹಿ ಹಾಕಿದ್ದಾರೆ, ಪಾಪ, ಅವರಿಗೂ ಕೆಲಸ ಬೇಕಲ್ಲ. ಎರಡು ವರ್ಷ ನಿಷೇಧ. ಪೊಲೀಸ್ ಟೀಮಿನವರು ಫೋನೇ ಎತ್ತುವುದಿಲ್ಲ."

"ಕನ್ನಡದಲ್ಲಿ ಹೇಳೇ," ಎಂದಳು ಮೇಧಾ ಸಣ್ಣ ದನಿಯಲ್ಲಿ. ರಿಸೆಪ್ಷನ್ನಿನವಳು ಬೆರಳಚ್ಚು ನಿಲ್ಲಿಸಿ ಕೇಳುತ್ತಿದ್ದಳು.

"ಕನ್ನಡದಲ್ಲಿ ಒಮ್ಮೆ ಹೇಳಿದ್ದೆ. ನಿಮ್ಮ ಕೈ ಹಿಡಿದುಕೊಂಡು ಹೇಳಿದ್ದೆ, ಬೇಡ ಅಂತ. ಅದು ಲೆಕ್ಕಕ್ಕೆ ಬರಲಿಲ್ಲ. ನಿಮ್ಮ ಟಿವಿಯಲ್ಲಿ ಇಂಗ್ಲಿಷ್ ಇದೆ, ಮಲಯಾಳ ಇದೆ, ಕನ್ನಡ ಇಲ್ಲ. ಅದಕ್ಕೇ ಈಗ ಇಲ್ಲಿಯವರಿಗೆಲ್ಲ ಕೇಳುವ ಹಾಗೆ ಹೇಳುತ್ತಿದ್ದೇನೆ. ನಾನು ಬೇಡ ಅಂದಿದ್ದೆ."

"ನಿನ್ನ ಒಂದು ಮಾತನ್ನೂ ನಾನು ಹಾಕಿಲ್ಲ," ಎಂದಳು ಮೇಧಾ. ಈಗ ಅವಳೂ ಮಲಯಾಳಕ್ಕೆ ಹೊರಳಿದ್ದಳು.

"ಸೆಕ್ರೆಟರಿಯನ್ನು ಏನು ಕೇಳಬೇಕು ಅಂತ ನಿಮಗೆ ಯಾರು ಹೇಳಿದರು?"

ದಾಮೋದರನ್ ಮೆಟ್ಟಿಲಿಳಿದು ಬಂದು ಅಲ್ಲಿಯೇ ನಿಂತಿದ್ದ, ಯಾವಾಗಿನಿಂದಲೋ. ಅವನ ಮುಖ ಹಬ್ಬದ ಮನೆಯಂತಾಗಿತ್ತು. ನೇರ ವಸಂತಿಯ ಬಳಿ ಬಂದು ಅವಳ ಚೀಲಕ್ಕೆ ಕೈ ಹಾಕಿದ. "ಬಾ ಮೋಳೇ, ಮೇಲೆ ಬಾ. ಇದನ್ನೇ ಕ್ಯಾಮೆರಾ ಎದುರು ಹೇಳು. ಆರು ಗಂಟೆಯೊಳಗೆ ಹೇಳು. ನಿನಗೆ ಅನ್ಯಾಯವಾಗಲು ನಾನು ಬಿಡುವುದಿಲ್ಲ."

ಕುರ್ಚಿ ಹೋಯಿತು ಎಂದು ಮೇಧಾಳಿಗೆ ಮೊದಲು ಹೊಳೆಯಿತು. ವಸಂತಿಯ ಗತಿ ಏನು ಎಂಬುದು ಆಮೇಲೆ ಹೊಳೆಯಿತು. ಯಾವುದು ಮೊದಲು ಹೊಳೆಯಿತು ಎಂದು ಅವಳಿಗೆ ಚೆನ್ನಾಗಿ ಗೊತ್ತಾಯಿತು.

ವಸಂತಿ ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. "ದಾಮೋದರನ್ ಸಾರ್ ಅಂದರೆ ನೀವೇನಾ?"

"ನಾನೇ."

"ನೀವು ಕತ್ತರಿಸುತ್ತೀರಿ ಅಂತ ಸೆಕ್ರೆಟರಿ ಟಿವಿಯಲ್ಲೇ ಅಷ್ಟು ಧೈರ್ಯದಿಂದ ಹೇಳಿದ್ದರಲ್ಲ," ಎಂದಳು. "ಕತ್ತರಿಸಬಾರದಿತ್ತಾ ಸಾರ್?"

ಚೀಲವನ್ನು ಅವನ ಕೈಯಿಂದ ಬಿಡಿಸಿಕೊಂಡಳು. ಎರಡೂ ಚೀಲಗಳನ್ನು ಸಲೀಸಾಗಿ ಹೆಗಲಿಗೇರಿಸಿ, ಬಾಗಿಲನ್ನು ಮೊಣಕೈಯಿಂದ ತಳ್ಳಿ, ಹೊರಟುಹೋದಳು. ಅವಳ ರೈಲಿಗೆ ಇನ್ನೂ ಒಂದು ಗಂಟೆಯಿತ್ತು, ಆದರೂ ನಿಲ್ಲಲಿಲ್ಲ.

ಉಳಿದ ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಲಿಲ್ಲ. ದಾಮೋದರನ್ ಒಮ್ಮೆ ಕೆಮ್ಮಿ, "ಮೇಕಪ್ ಮುಗಿಸಿಕೋ, ಹೊತ್ತಾಯಿತು," ಎಂದ. ನಾಲ್ಕು ವರ್ಷದಲ್ಲಿ ಅವನು ಅವಳೊಡನೆ ಕೊಂಕಿಲ್ಲದೆ ಆಡಿದ ಮೊದಲ ಮಾತು ಅದು, ಅವನ ಬೈಗುಳವೇ ವಾಸಿಯಿತ್ತು ಎಂದು ಮೇಧಾಳಿಗೆ ಅನಿಸಿತು.

ಆರು ಗಂಟೆಗೆ ದೀಪಗಳು ಹತ್ತಿದವು. ಮೇಧಾ ಕುರ್ಚಿಯಲ್ಲಿ ಕೂತು ನಗುತ್ತ ನಮಸ್ಕಾರ ಹೇಳಿದಳು. ಜರ್ಮನಿಯ ಹೆಸರುಗಳನ್ನೂ ಕೋಸ್ಟರಿಕದ ಹೆಸರುಗಳನ್ನೂ ನೀರು ಕುಡಿದಂತೆ ಹೇಳಿದಳು. ನಡುವೆ ಐದು ನಿಮಿಷ ಇಂಗ್ಲಿಷಿಗೆ ಹೊರಳಿದಳು, ಮತ್ತೆ ಮಲಯಾಳಕ್ಕೆ ಬಂದಳು. ಎಲ್ಲಿಯೂ ಒಂದು ಮಾತು ತಪ್ಪಲಿಲ್ಲ, ದನಿ ನಡುಗಲಿಲ್ಲ. ಅದಕ್ಕೇ ಅವಳಿಗೆ ತನ್ನ ಬಗ್ಗೆ ಹೇಸಿಗೆಯಾಯಿತು, ಮತ್ತು ಅದನ್ನೂ ಕ್ಯಾಮೆರಾಗೆ ಕಾಣಗೊಡದೆ ಅವಳು ಕಾರ್ಯಕ್ರಮ ಮುಗಿಸಿದಳು.