ತಿರುವಿನ ನಿಂಬೆಗಿಡ

ರಾಜನಿಲ್ಲದ, ರಾಣಿಯಿಲ್ಲದ, ಏಳು ಸಮುದ್ರದ ಸುದ್ದಿಯೂ ಇಲ್ಲದ ಒಂದು ಊರು. ಆ ಊರಿನ ಗಲ್ಲಿಯೊಂದರ ಕೊನೆಯ ಮನೆಯಲ್ಲಿ ಒಬ್ಬ ಅಜ್ಜಿ ಇದ್ದಳು. ಅವಳ ಹಿತ್ತಿಲಲ್ಲಿ ಒಂದು ನಿಂಬೆಗಿಡ ಇತ್ತು. ಕಥೆಯಲ್ಲಾದರೆ ಆ ಗಿಡ ಮಾತಾಡಬೇಕಿತ್ತು, ಇಲ್ಲವೇ ಚಿನ್ನದ ಹಣ್ಣು ಬಿಡಬೇಕಿತ್ತು. ಇದು ಅಂಥದ್ದೇನೂ ಮಾಡುತ್ತಿರಲಿಲ್ಲ. ಅಜ್ಜಿಗೆ ಬಚ್ಚಲಿನ ದಾರಿ ತೋರಿಸುತ್ತಿತ್ತು, ಅಷ್ಟೆ.

ಅಜ್ಜಿಯ ಕಣ್ಣು ಮಂಜಾಗಿ ಬಹಳ ಕಾಲವಾಗಿತ್ತು. ಬೆಳಕು, ಕತ್ತಲೆ ಬಿಟ್ಟರೆ ಹೆಚ್ಚೇನೂ ತಿಳಿಯುತ್ತಿರಲಿಲ್ಲ. ಬಚ್ಚಲು ಹಿತ್ತಿಲ ಆ ತುದಿಗೆ. ಹಿಂಬಾಗಿಲಿನಿಂದ ಗೋಡೆ ಸವರಿಕೊಂಡು ಹೊರಟರೆ, ಗೋಡೆ ಮುಗಿಯುವಲ್ಲಿ ನಿಂಬೆಗಿಡ. ಅಲ್ಲಿ ಕೈಚಾಚಿ ಒಂದೆಲೆ ಹಿಸುಕಿ, ಮೂಗಿಗೆ ಹಿಡಿದು, ಬಲಕ್ಕೆ ತಿರುಗಿದರೆ ನೇರ ಬಚ್ಚಲಿನ ಬಾಗಿಲು. ಯಾರ ಹಂಗೂ ಇರಲಿಲ್ಲ.

ಒಂದು ದಿನ ಚರಂಡಿ ಪೈಪು ಹಾಕಲು ಬಂದವರು ಅಡ್ಡ ಸಿಕ್ಕ ಗಿಡವನ್ನು ಬುಡಸಮೇತ ಕಿತ್ತು ಎಸೆದು ಹೋದರು. ಮಾರನೆಯ ಬೆಳಿಗ್ಗೆ ಅಜ್ಜಿ ಕೈಚಾಚಿದಾಗ ಸಿಕ್ಕಿದ್ದು ಬರೀ ಗಾಳಿ. ಅಂದಾಜಿನಲ್ಲಿ ತಿರುಗಿದಳು, ಸಿಮೆಂಟಿನ ತೊಟ್ಟಿಗೆ ಮಂಡಿ ಬಡಿಯಿತು. ಅಂದಿನಿಂದ ಕೈ ಹಿಡಿಯುವವರಿಲ್ಲದೆ ಅವಳು ಹೊರಗೆ ಕಾಲಿಡಲಿಲ್ಲ. ಯಾರನ್ನೂ ಕರೆಯಬಾರದೆಂದು ನೀರು ಕುಡಿಯುವುದನ್ನೇ ಕಡಿಮೆ ಮಾಡಿದಳು. ಮಂಚದ ಪಕ್ಕದ ಚೊಂಬು ಸಂಜೆಯಾದರೂ ತುಂಬಿಯೇ ಇರುವುದನ್ನು ಮೊಮ್ಮಗಳು ನೋಡಿದಳು.

ಮೊಮ್ಮಗಳ ಅಮ್ಮ, ಅಂದರೆ ಅಜ್ಜಿಯ ಸೊಸೆ, ಆಸ್ಪತ್ರೆಯ ಬಟ್ಟೆ ಒಗೆಯುವ ವಿಭಾಗದಲ್ಲಿ ಕೆಲಸಕ್ಕಿದ್ದಳು. ಸೊಂಟ ಹಿಡಿದುಕೊಂಡೇ ಮನೆಗೆ ಬರುತ್ತಿದ್ದಳು. ಅವಳು ಯೋಚಿಸಿ ಯೋಚಿಸಿ ಒಂದು ದಾರಿ ಹುಡುಕಿದ್ದಳು. ತನ್ನ ಅಣ್ಣನ ಮನೆಯಲ್ಲಿ ಒಂದು ಕಮೋಡ್ ಕುರ್ಚಿ ಸುಮ್ಮನೆ ಬಿದ್ದಿದೆ, ಅದನ್ನು ತರಿಸಿ ಮಂಚದ ಪಕ್ಕದಲ್ಲೇ ಇಟ್ಟರೆ ಎಲ್ಲರಿಗೂ ಸುಲಭ ಎಂದಳು.

"ಆಗ್ಲಮ್ಮ," ಎಂದಳು ಅಜ್ಜಿ. "ಊಟಾನೂ ಅಲ್ಲೇ, ಅದೂ ಅಲ್ಲೇ. ಗೂಡಲ್ಲಿರೋ ಕೋಳಿನಾದ್ರೂ ಬೆಳಗ್ಗೆ ಒಂದ್ಸಲ ಆಚೆ ಬಿಡ್ತಾರೆ."

ಅಮ್ಮ ತಟ್ಟೆ ಎತ್ತಿಕೊಂಡು ಒಳಗೆ ಹೋದಳು. ಅವಳಿಗೂ ಇಷ್ಟವಿರಲಿಲ್ಲ, ಬೇರೆ ದಾರಿ ಹುಡುಕುವಷ್ಟು ಶಕ್ತಿಯೂ ಇರಲಿಲ್ಲ. ಮೊಮ್ಮಗಳು ಆಗ ಅಜ್ಜಿಯ ಕೈ ಹಿಡಿದು ಮಾತು ಕೊಟ್ಟಳು. ತಿಂಗಳ ಕೊನೆಯ ಭಾನುವಾರ ಮಾವ ಕುರ್ಚಿ ತರುವುದರೊಳಗೆ, ಅದೇ ತಿರುವಿನಲ್ಲಿ ನಿಂಬೆಗಿಡ ನೆಟ್ಟಿರುತ್ತೇನೆ ಎಂದು.

ಮಾತು ಸಲೀಸಾಗಿ ಬಂದಿತ್ತು, ಏಕೆಂದರೆ ಅವಳ ಕೆಲಸವೇ ಗಿಡಗಳ ನಡುವೆ. ಹೊರವಲಯದ ದೊಡ್ಡ ಗಾರ್ಡನ್ ಸೆಂಟರಿನಲ್ಲಿ ಅವಳು ಬೆಲೆಚೀಟಿ ಅಂಟಿಸುವವಳು. ಗಾಜಿನ ಚಾವಣಿ, ತಣ್ಣನೆಯ ಗಾಳಿ, ಮೂಲೆಯಲ್ಲೊಂದು ಕಾಫಿ ಅಂಗಡಿ. ಹಳೆಯ ಚೀಟಿ ಕೀಳಬಾರದು, ಕಿತ್ತರೆ ಕುಂಡದ ಮೇಲೆ ಗೋಂದಿನ ಕಲೆ ಉಳಿಯುತ್ತದೆ. ಅದರ ಮೇಲೇ ಹೊಸದು ಅಂಟಿಸಬೇಕು. ನಿಂಬೆಯ ಕುಂಡದ ಮೇಲೆ ಚೀಟಿಗಳು ಈರುಳ್ಳಿ ಸಿಪ್ಪೆಯ ಹಾಗೆ ಪದರು ಪದರಾಗಿ ಕೂತಿದ್ದವು. ವಾರದ ಸಂಬಳ ಬರಲಿ, ತೆಗೆದುಕೊಳ್ಳೋಣ ಎಂದುಕೊಳ್ಳುವಳು. ಸಂಬಳ ಬರುವ ಹೊತ್ತಿಗೆ ಅವಳ ಕೈಯಿಂದಲೇ ಇನ್ನೊಂದು ಚೀಟಿ ಏರಿರುತ್ತಿತ್ತು. ಕೆಲಸಗಾರರಿಗೆ ಕೊಡುತ್ತಿದ್ದ ರಿಯಾಯಿತಿಯನ್ನೂ ನಿಲ್ಲಿಸಿದ್ದರು. ಸೂಪರ್‌ವೈಸರನ್ನು ಕೇಳಿದರೆ ಗೊಬ್ಬರ ದುಬಾರಿ, ಸಾಗಣೆ ದುಬಾರಿ, ಕರೆಂಟು ದುಬಾರಿ ಎಂದು ಪಟ್ಟಿ ಒಪ್ಪಿಸಿದ. ತನ್ನ ಮನೆಯಲ್ಲಿ ಪ್ಲಾಸ್ಟಿಕ್ ಗಿಡವೇ ಇದೆ ಎಂದೂ ಸೇರಿಸಿದ. ಗಿರಾಕಿಗಳು ಎಲೆ ಸವರುತ್ತಿದ್ದರು, ಚೀಟಿ ನೋಡುತ್ತಿದ್ದರು, ಕಾಫಿ ಕುಡಿದು ಹೋಗುತ್ತಿದ್ದರು. ಈ ಬೆಲೆಗೆ ಮಾಲಿಯೂ ಜೊತೆಗೆ ಬರುತ್ತಾನಾ ಎಂದು ಒಬ್ಬ ಮುದುಕ ಕೇಳಿದಾಗ ಅವಳಿಗೆ ನಗಲೂ ಆಯಾಸವಾಯಿತು.

ಮಾವ ಬರುವ ಹಿಂದಿನ ದಿನ, ಶನಿವಾರ ಸಂಜೆ, ಬಸ್ಸು ಟ್ರಾಫಿಕ್ಕಿನಲ್ಲಿ ಸಿಕ್ಕಿಕೊಂಡಿತು. ನಿಂತು ನಿಂತು ಕಾಲು ಸೋತು, ನಡೆಯುವುದೇ ವಾಸಿ ಎಂದು ಇಳಿದಳು. ಪಂಕ್ಚರ್ ಅಂಗಡಿಯ ಹಿಂದೆ, ರೈಲು ಹಳಿಯ ಗೋಡೆಗುಂಟ ಉದ್ದಕ್ಕೆ ಡಬ್ಬಿಗಳು ಕಂಡವು. ಎಣ್ಣೆಯ ಡಬ್ಬಿ, ಬಣ್ಣದ ಡಬ್ಬಿ, ಹಿಡಿ ಮುರಿದ ಬಕೆಟ್ಟು, ಎಲ್ಲದರಲ್ಲೂ ಗಿಡ. ಒಂದಕ್ಕೂ ಚೀಟಿ ಇರಲಿಲ್ಲ. ಆ ನರ್ಸರಿಯ ಒಡತಿಯನ್ನು ಬೀದಿಯವರೆಲ್ಲ ಡಬ್ಬಿಯಕ್ಕ ಎನ್ನುತ್ತಿದ್ದರು. ನಿಂಬೆ ಇದೆಯಾ ಎಂದರೆ ಅವಳು ಬೆಲೆ ಹೇಳಲಿಲ್ಲ. ನೆಡುವ ಜಾಗಕ್ಕೆ ಬಿಸಿಲು ಎಷ್ಟು ಹೊತ್ತು, ನೀರು ಹಾಕುವವರು ಯಾರು ಎಂದು ಕೇಳಿದಳು. ಅಜ್ಜಿಯ ಕಥೆಯನ್ನೆಲ್ಲ ಕೇಳಿಸಿಕೊಂಡು, ಇರು, ಒಲೆ ಮೇಲೆ ಹಾಲಿದೆ, ಇಳಿಸಿ ಬರ್ತೀನಿ ಎಂದು ಒಳಗೆ ಹೋದಳು.

ಸುಮ್ಮನೆ ನಿಂತಿರಲು ಮೊಮ್ಮಗಳಿಗೆ ಬರುತ್ತಿರಲಿಲ್ಲ. ಸೆಂಟರಿನಲ್ಲಿ ಕೈ ಖಾಲಿ ಇದ್ದರೆ ಕುಂಡ ಜೋಡಿಸಬೇಕು, ಅದು ಕಟ್ಟಪ್ಪಣೆ: ಎತ್ತರದವು ಹಿಂದೆ, ಕುಳ್ಳಗಿನವು ಮುಂದೆ, ಸೊಂಪಾದ ಮಗ್ಗುಲು ಗಿರಾಕಿಯ ಕಡೆಗೆ. ಮನಸ್ಸು ಅಜ್ಜಿಯ ಚೊಂಬಿನ ಹತ್ತಿರವಿತ್ತು, ಕೈ ತನ್ನ ಪಾಡಿಗೆ ತಾನು ಡಬ್ಬಿಗಳನ್ನು ಎತ್ತಿಡುತ್ತ ಹೋಯಿತು. ಡಬ್ಬಿಯಕ್ಕ ಹೊರಗೆ ಬರುವಷ್ಟರಲ್ಲಿ ಸಾಲು ಶಾಲೆಯ ಗ್ರೂಪ್ ಫೋಟೋದ ಹಾಗೆ ನೆಟ್ಟಗಾಗಿತ್ತು.

ಡಬ್ಬಿಯಕ್ಕ ಬಾಗಿಲಲ್ಲೇ ನಿಂತಳು.

"ಚೆಂದ ಜೋಡಿಸಿದ್ದೀಯ ಮಗಳೇ," ಎಂದಳು. "ಈಗ ಇದ್ರಲ್ಲಿ ಯಾವುದು ಯಾರು ಅಂತ ನೀನೇ ಹೇಳು."

ಡಬ್ಬಿಯಕ್ಕನಿಗೆ ಜಾಗವೇ ಚೀಟಿ. ಗೋಡೆಯ ಕಡೆಗೆ ಕಿತ್ತಳೆ, ನಲ್ಲಿಯ ಕಡೆಗೆ ನಿಂಬೆ, ನಡುವೆ ಕಸಿ ಕಟ್ಟಲು ಬೆಳೆಸಿದ ಕಾಡುನಿಂಬೆ. ಎಳೆಯದರಲ್ಲಿ ಎಲ್ಲವೂ ಒಂದೇ ತಾಯಿಯ ಮಕ್ಕಳಂತೆ ಕಾಣುತ್ತವೆ. ನಿಂಬೆ ಕೇಳಿದವರಿಗೆ ಕಿತ್ತಳೆ ಕೊಟ್ಟರೆ ಹಣ್ಣು ಬಿಟ್ಟ ಮೇಲೆ ಮನೆಗೆ ಬಂದು ಉಗಿಯುತ್ತಾರೆ. ಅಲ್ಲಿಯವರೆಗೆ ಮಾಡಿದ ಹೆಸರು ಮಣ್ಣುಪಾಲು. ಅವಳು ಬೈಯಲಿಲ್ಲ. ಬೈದಿದ್ದರೆ ವಾಸಿಯಿತ್ತು ಎಂದು ಮೊಮ್ಮಗಳಿಗೆ ಅನ್ನಿಸಿತು. ಇಬ್ಬರೂ ಕುಕ್ಕರಗಾಲಲ್ಲಿ ಕೂತು ಒಂದೊಂದೇ ಎಲೆ ಹಿಸುಕಿ ಮೂಸಿದರು. ನಾಲ್ಕಾರು ಗಿಡ ದಾಟುವಷ್ಟರಲ್ಲಿ ಮೂಗು ಕೈಕೊಟ್ಟಿತು, ಎಲ್ಲವೂ ಒಂದೇ ವಾಸನೆ.

ನಮ್ಮಜ್ಜಿ ಇದ್ದಿದ್ದರೆ ಹೇಳಿಬಿಡುತ್ತಿದ್ದಳು ಎಂದು ಮೊಮ್ಮಗಳು ಗೊಣಗಿದಳು. ಹಾಗಾದರೆ ಕರೆದುಕೊಂಡು ಬಾ, ಅಲ್ಲಿಯವರೆಗೆ ಇದರಲ್ಲಿ ಒಂದನ್ನೂ ಮಾರುವ ಹಾಗಿಲ್ಲ ಎಂದಳು ಡಬ್ಬಿಯಕ್ಕ.

ಭಾನುವಾರ ಬೆಳಿಗ್ಗೆ ಅಜ್ಜಿಯನ್ನು ಒಪ್ಪಿಸುವುದೇ ಒಂದು ಕೆಲಸವಾಯಿತು. ಬಚ್ಚಲಿಗೆ ದಾರಿ ತಿಳಿಯದವಳು ಬಸ್ಸು ಹತ್ತುತ್ತಾಳಂತೆ ಎಂದು ತನ್ನನ್ನು ತಾನೇ ಆಡಿಕೊಂಡಳು. ಆದರೆ ಒಬ್ಬಳ ಅನ್ನದ ಪ್ರಶ್ನೆ ಎಂದ ಕೂಡಲೇ ಚಪ್ಪಲಿ ಎಲ್ಲಿ ಎಂದು ಕೇಳಿದಳು. ಅಮ್ಮ ಕೆಲಸಕ್ಕೆ ಹೋಗಿದ್ದಳು. ಮಾವ ಬಂದರೆ ಸಿಗಲೆಂದು ಬೀಗದ ಕೈಯನ್ನು ಪಕ್ಕದ ಮನೆಯಲ್ಲಿ ಕೊಟ್ಟು ಹೊರಟರು. ಮಂಡಿ ನೋವಿಗೆ ಅಲ್ಲಲ್ಲಿ ನಿಂತು, ಕಟ್ಟೆ ಕಂಡಲ್ಲಿ ಕೂತು, ಅಂತೂ ತಲುಪಿದರು.

ಡಬ್ಬಿಯಕ್ಕ ಒಂದು ಮರದ ಪೆಟ್ಟಿಗೆ ಬೋರಲು ಹಾಕಿ ಅಜ್ಜಿಯನ್ನು ಕೂರಿಸಿದಳು. ಮೊಮ್ಮಗಳು ಡಬ್ಬಿ ಮುಂದೆ ತರುವಳು, ಅಜ್ಜಿ ಎಲೆ ಹಿಸುಕಿ ಅತ್ತ ಇತ್ತ ಕಳಿಸುವಳು. ನಡುನಡುವೆ ತನ್ನ ಬಟ್ಟೆಯ ಅಂಚನ್ನು ಮೂಸಿ ಮೂಗನ್ನು ಸರಿಮಾಡಿಕೊಳ್ಳುವಳು. ಇದು ಕಿತ್ತಳೆ, ಸಿಹಿ ಮಾತಿನವನು. ಇದು ನಿಂಬೆ, ಮನೆ ಸೊಸೆ, ಅಳತೆ ಮೀರಲ್ಲ. ತಪ್ಪೋ ಸರಿಯೋ ಎಂದು ಡಬ್ಬಿಯಕ್ಕ ಕೊನೆಗೆ ಕಾಂಡದ ಗಂಟು ನೋಡಿದಳು, ಮುಳ್ಳು ನೋಡಿದಳು. ಒಂದೆರಡು ಕಡೆ ಇಬ್ಬರಿಗೂ ವಾದವಾಯಿತು, ಆ ಡಬ್ಬಿಗಳನ್ನು ಬೇರೆಯಾಗಿಯೇ ಇಟ್ಟರು. ಬಿಸಿಲು ಏರಿತು. ಮೊಮ್ಮಗಳ ತೋಳು ಬಿದ್ದುಹೋಗುವಂತಾಗಿತ್ತು.

ಸಾಲು ಮುಗಿದಾಗ ಡಬ್ಬಿಯಕ್ಕ ಒಳ್ಳೆಯ ಕಸಿ ನಿಂಬೆಯೊಂದನ್ನು ತಂದು ಅಜ್ಜಿಯ ಮುಂದಿಟ್ಟಳು, ದುಡ್ಡು ಬೇಡ ಎಂದಳು. ಅಜ್ಜಿ ಅದರ ಎಲೆ ಮೂಸಿದಳು, ಬೇಡವೆಂದು ತಲೆಯಾಡಿಸಿದಳು. ತಾನು ಮೂಸಿ ಮೂಲೆಗೆ ಕಳಿಸಿದ್ದ ಎತ್ತರದ ಕಾಡುನಿಂಬೆ ಕೇಳಿದಳು.

"ಅದು ಬೇಡ ಅಜ್ಜಿ, ಅದ್ರ ಹಣ್ಣು ಬಾಯಿಗೆ ಹಾಕೋಕಾಗಲ್ಲ. ಬರೀ ಕಹಿ," ಎಂದಳು ಡಬ್ಬಿಯಕ್ಕ.

"ಹಣ್ಣು ಯಾರಿಗೆ ಬೇಕಮ್ಮ," ಎಂದಳು ಅಜ್ಜಿ. "ನಂಗೆ ದಾರಿ ಬೇಕು. ಇದ್ರ ವಾಸನೆ ನೆಗಡಿ ಬಂದ್ರೂ ಗೊತ್ತಾಗುತ್ತೆ. ಆಗ್ಲೇ ನನ್ ಸೊಂಟದವರೆಗೆ ಬೆಳೆದಿದೆ, ಬಗ್ಗೋದೂ ಬೇಡ."

ಪುಕ್ಕಟೆ ಗಿಡ ಬೇರು ಬಿಡುವುದಿಲ್ಲ ಎಂದು ತಾನೇ ಒಂದು ಮಾತು ಹುಟ್ಟಿಸಿ ಮೊಮ್ಮಗಳಿಂದ ದುಡ್ಡು ಕೊಡಿಸಿದಳು. ಡಬ್ಬಿಯಕ್ಕ ಕೇಳಿದ್ದು ಸೆಂಟರಿನ ಒಂದು ಲೋಟ ಕಾಫಿಯ ಬೆಲೆಗಿಂತ ಕಡಿಮೆ. ಡಬ್ಬಿ ಮಾತ್ರ ವಾಪಸು ಬರಬೇಕು ಎಂದಳು. ಇನ್ನೊಮ್ಮೆ ಬಂದಾಗ ಕೈ ಕಟ್ಟಿಕೊಂಡು ನಿಲ್ಲಬೇಕು ಎಂದು ಮೊಮ್ಮಗಳಿಗೆ ಎಚ್ಚರಿಕೆಯನ್ನೂ ಕೊಟ್ಟಳು.

ಮನೆಗೆ ಬಂದರೆ ಕುರ್ಚಿ ಆಗಲೇ ಬಂದು ನಡುಮನೆಯಲ್ಲಿ ಕೂತಿತ್ತು. ಮಾವ ಇಟ್ಟು ಹೋಗಿದ್ದ. ಕೆಲಸದಿಂದ ಅಮ್ಮ ಅದೇ ತಾನೇ ಬಂದಿದ್ದಳು. ಬೇರೆ ಕುರ್ಚಿ ಎಳೆದುಕೊಳ್ಳಲೂ ಆಗದೆ, ಅದರ ಮುಚ್ಚಳದ ಮೇಲೆಯೇ ಕಾಲುಚಾಚಿ ಕೂತಿದ್ದಳು. ಡಬ್ಬಿಯನ್ನು ನೋಡಿದಳು, ಅಜ್ಜಿಯ ಧೂಳು ಮೆತ್ತಿದ ಪಾದ ನೋಡಿದಳು. ಇವತ್ತೇ ನೆಡಬೇಕಾ, ನಾಳೆ ಆಗಲ್ವಾ ಎಂದು ಕೇಳಿದಳು. ಉತ್ತರ ಬರುವ ಮೊದಲೇ ಎದ್ದು ಹಾರೆ ಹುಡುಕಲು ಹೋದಳು.

ಹಾರೆ ಸಿಗಲಿಲ್ಲ, ಇದ್ದಲು ಎತ್ತುವ ಹಳೆಯ ಸಲಿಕೆ ಸಿಕ್ಕಿತು. ಪೈಪಿನವರು ಮುಚ್ಚಿದ ಮಣ್ಣು ತುಂಬ ಇಟ್ಟಿಗೆ ಚೂರು, ಸಿಮೆಂಟಿನ ಹೆಂಟೆ. ಅಮ್ಮ ಅಗೆದಳು, ಸೊಂಟ ಹಿಡಿದುಕೊಂಡಾಗ ಮೊಮ್ಮಗಳು ಅಗೆದಳು. ಅಜ್ಜಿ ಗೋಡೆಗೆ ಅಂಗೈಯಿಟ್ಟು ನಿಂತಿದ್ದಳು. ಅಲ್ಲಲ್ಲ, ಇನ್ನೂ ಈಚೆಗೆ, ನನ್ನ ಕೈ ನೋಡಿಕೊಂಡು ಅಗೀರಿ ಎಂದು ಒಮ್ಮೆ ಹೇಳಿದಳು. ಅಗೆದದ್ದರ ಪಕ್ಕದಲ್ಲಿ ಮತ್ತೆ ಅಗೆದರು.

ಡಬ್ಬಿಯನ್ನು ಮಗುಚಿ ತಟ್ಟಿದಾಗ ಬೇರಿನ ಗಡ್ಡೆ ಹಾಗೇ ಇಡಿಯಾಗಿ ಜಾರಿ ಬಂತು. ಗುಣಿಯಲ್ಲಿ ಇಟ್ಟು, ಕಲ್ಲು ಆರಿಸಿದ ಮಣ್ಣು ತುಂಬಿ, ಸುತ್ತ ಪಾದದಿಂದ ಒತ್ತಿದರು. ಮೊಮ್ಮಗಳು ತೊಟ್ಟಿಯಿಂದ ನೀರು ತಂದು ಸುರಿದಳು. ನೀರು ಸ್ವಲ್ಪ ಹೊತ್ತು ಬುಡದಲ್ಲೇ ನಿಂತಿತು, ಆಮೇಲೆ ಮೆಲ್ಲಗೆ ಇಳಿಯಿತು.

"ಆಯ್ತಾ?" ಎಂದಳು ಅಜ್ಜಿ.

"ಆಯ್ತಜ್ಜಿ."

ಅಜ್ಜಿ ಗೋಡೆ ಸವರಿಕೊಂಡು ಬಂದು, ಕೈಚಾಚಿ ಒಂದೆಲೆ ಹಿಸುಕಿ ಮೂಸಿ, ಬಲಕ್ಕೆ ತಿರುಗಿದಳು.