ವಾಸದ ಗುರುತು

ಹಾಸಿಗೆ ಕೆಡಿಸುವುದು ಸೊಸೆಗೆ ಬರಲೇ ಇಲ್ಲ. ಮೂರು ಸಲ ಕೆಡಿಸಿದಳು. ಮೂರು ಸಲವೂ ಅದು ಅಂಗಡಿಯಲ್ಲಿ ಮಾರಾಟಕ್ಕಿಟ್ಟ ಹಾಸಿಗೆಯ ಹಾಗೆಯೇ ಕಂಡಿತು. ಪ್ರವಾಸಿಗರ ಮನೆಗಳಲ್ಲಿ ಎರಡು ವರ್ಷ ದಿನವೂ ಹಾಸಿಗೆ ಹಾಸಿದ ಕೈ ಅದು, ಸುಕ್ಕು ಕಂಡರೆ ಕೇಳದೆಯೇ ಮುಂದೆ ಹೋಗುತ್ತದೆ. ಕೊನೆಗೆ ಸಿಟ್ಟು ಬಂದು ಮಂಚದ ಮೇಲೆ ಬಿದ್ದುಕೊಂಡು, ಈ ಮಗ್ಗುಲಿಂದ ಆ ಮಗ್ಗುಲಿಗೆ ನಾಲ್ಕು ಸಲ ಹೊರಳಿ ಎದ್ದಳು. ಈಗ ಯಾರೋ ಮಲಗಿ ಎದ್ದುಹೋದ ಹಾಗೆ ಕಂಡಿತು.

"ಜನ ಇದ್ದ ಹಾಗೆ ಕಾಣ್ಬೇಕು" ಎಂದು ಯಜಮಾನಿ ಹಿಂದಿನ ದಿನ ಫೋನಿನಲ್ಲಿ ಹೇಳಿದ್ದಳು. "ನಾನು ವರ್ಷವಿಡೀ ಅಲ್ಲೇ ಇರೋ ಹಾಗೆ. ನಾಳೆ ಹತ್ತಕ್ಕೆ ಪುರಸಭೆಯವರು ಬರ್ತಾರೆ. ನಿಮ್ಮನೆ ಹಳೇ ಸಾಮಾನು ಒಂದಿಷ್ಟು ತಂದಿಡು. ಹೊಸದಿಟ್ರೆ ಗೊತ್ತಾಗ್ಬಿಡುತ್ತೆ. ಮುಗಿದ ಮೇಲೆ ಅದನ್ನೇ ಎತ್ಕೊಂಡು ಹೋಗಿ ಮುಂದಿನ ಮನೇಲಿಡು."

ಮುಂದಿನ ಮನೆ ಎಂದರೆ ಯಜಮಾನಿಯ ತಮ್ಮನ ಹೆಸರಿನಲ್ಲಿದ್ದದ್ದು. ಅದರ ಮುಂದಿನದು ನಾದಿನಿಯದು. ಹೀಗೆ ಸರೋವರದ ದಂಡೆಯ ಆ ಒಂದೇ ಬೀದಿಯಲ್ಲಿ ಏಳು ಮನೆಗಳು, ಏಳು ಹೆಸರುಗಳು, ಕೈ ಮಾತ್ರ ಒಂದೇ. ಪುರಸಭೆ ಆ ವರ್ಷ ಕೊನೆಗೂ ಒಂದು ನಿಯಮ ತಂದಿತ್ತು. ಮಾಲೀಕರು ತಾವೇ ವಾಸವಿರುವ ಮನೆಯನ್ನು ಮಾತ್ರ ಪ್ರವಾಸಿಗರಿಗೆ ದಿನದ ಬಾಡಿಗೆಗೆ ಕೊಡಬಹುದು. ಉಳಿದವನ್ನು ಊರಿನವರಿಗೇ ಕೊಡಬೇಕು, ಅದರಲ್ಲೂ ಅಲ್ಲಿಂದ ಯಾರನ್ನು ಎಬ್ಬಿಸಿದ್ದರೋ ಅವರಿಗೇ ಮೊದಲು. ಊರಿನ ಜನ ಇದನ್ನು ಕೇಳಿ ಎರಡು ದಿನ ಖುಷಿಪಟ್ಟರು. ಮೂರನೆಯ ದಿನ ಎಲ್ಲ ಮಾಲೀಕರೂ ಇದ್ದಕ್ಕಿದ್ದಂತೆ ಇದೇ ಊರಿನ ವಾಸಿಗಳಾಗಿಬಿಟ್ಟರು. ಸರ್ಕಾರ ಚಾಪೆ ಕೆಳಗೆ ತೂರಿದರೆ ಇವರು ರಂಗೋಲಿ ಕೆಳಗೆ ತೂರುವವರು.

ಈಗ ಕೆಡಿಸುತ್ತಿದ್ದ ಈ ಮನೆಯಲ್ಲೇ ಸೊಸೆ ಹನ್ನೊಂದು ವರ್ಷ ಬಾಡಿಗೆಗಿದ್ದಳು: ಅವಳು, ದೋಣಿ ನಡೆಸುವ ಗಂಡ, ಮಗಳು, ಅತ್ತೆ. ಅತ್ತೆಯ ಬಾಯಿ ಎಷ್ಟು ಪ್ರಸಿದ್ಧವೆಂದರೆ ಬೀದಿಯವರೆಲ್ಲ ಇವಳನ್ನು ಸೊಸೆಯೆಂದೇ ಕರೆಯುತ್ತಿದ್ದರು. ಎರಡು ವರ್ಷದ ಕೆಳಗೆ ಯಜಮಾನಿ ಬಂದು, "ಮಗನ ಮದುವೆ, ಅವನಿಗೇ ಮನೆ ಬೇಕು" ಎಂದಳು. ಮಗ ಬಂದದ್ದು ಒಂದೇ ದಿನ, ಜೊತೆಗೆ ಜಾಹೀರಾತಿಗೆ ಮನೆಯ ಫೋಟೋ ತೆಗೆಯುವವನೊಬ್ಬ. ಮಾರನೆಯ ವಾರ ಬಾಗಿಲ ಪಕ್ಕ, ಪ್ರವಾಸಿಗರು ತಾವೇ ಕೀ ತೆಗೆದುಕೊಳ್ಳಲೆಂದು, ಅಂಕಿ ತಿರುಗಿಸುವ ಕೀ ಡಬ್ಬಿ ಬಂತು. ಇವರು ಲಾಂಡ್ರಿಯ ಹಿಂದಿನ ಒಂದು ಕೋಣೆಗೆ ಹೋದರು. ಆಮೇಲೆ ಅದೇ ಯಜಮಾನಿ ದೊಡ್ಡ ಮನಸ್ಸು ಮಾಡಿದವಳ ಹಾಗೆ ಇವಳನ್ನು ಕರೆದು ಏಳೂ ಮನೆಗಳ ಕೆಲಸ ಕೊಟ್ಟಳು. ಬೇಡವೆನ್ನಲು ಆ ಊರಿನಲ್ಲಿ ಬೇರೆ ಕೆಲಸ ಎಲ್ಲಿತ್ತು?

ಹಾಗಾಗಿ ತನಗೇ ಬರಬೇಕಾದ ಮನೆಯನ್ನು ತನ್ನ ಕೈಯಾರೆ ತಪ್ಪಿಸುವ ಕೆಲಸಕ್ಕೆ ಅವಳು ಬೆಳಿಗ್ಗೆ ಏಳಕ್ಕೇ ಎರಡು ಚೀಲ ಹೊತ್ತು ಬಂದಿದ್ದಳು. ಗಂಡನ ಅಂಗಿ, ಮಗಳ ಹಳೇ ಪುಸ್ತಕ, ದಿಂಬುಗಳು, ಹಿಡಿ ಸುಟ್ಟ ಬಾಣಲೆ, ಲೋಟಗಳು. ಕೈಗೆ ಸಿಕ್ಕ ಅತ್ತೆಯ ಮಾತ್ರೆ ಡಬ್ಬಿಯನ್ನೂ ತುರುಕಿಕೊಂಡಿದ್ದಳು. ಮಾತ್ರೆ ಕಂಡರೆ ಮನೆಯಲ್ಲಿ ಮನುಷ್ಯರಿದ್ದಾರೆಂದು ಯಾರಾದರೂ ನಂಬುತ್ತಾರೆ.

ತಪ್ಪಾದದ್ದು ಇಲ್ಲೇ. ಜನ ಇದ್ದ ಹಾಗೆ ಇಡು ಎಂದರೆ ಅವಳಿಗೆ ಗೊತ್ತಿದ್ದದ್ದು ಒಂದೇ ಇರುವಿಕೆ. ಲೋಟಗಳು ಒಲೆಯ ಮೇಲಿನ ಹಲಗೆಗೆ ಹೋದವು, ಮಾತ್ರೆ ಡಬ್ಬಿ ಅಡುಗೆಮನೆ ಕಿಟಕಿಗೆ, ಅಂಗಿ ಮಲಗುವ ಕೋಣೆಯ ಬಾಗಿಲ ಹಿಂದಿನ ಮೊಳೆಗೆ. ಬೆತ್ತದ ಕುರ್ಚಿಯನ್ನು ಎಳೆದು ಅಡುಗೆಮನೆಯಲ್ಲಿ ಬಿಸಿಲು ಬೀಳುವ ಮೂಲೆಯಲ್ಲಿಟ್ಟಳು. ಒಂಬತ್ತೂವರೆಗೆ ಸೊಂಟಕ್ಕೆ ಕೈಯಿಟ್ಟು ನೋಡಿದರೆ ಅವರು ಬಿಟ್ಟುಹೋದ ಮನೆ ಪೂರ್ತಿ ವಾಪಸು ಬಂದು ನಿಂತಿತ್ತು. ಸೊಸೆ ಮುಖ ತೊಳೆದುಕೊಂಡು ಬಂದು, ಸಿಂಕಿನಲ್ಲಿ ಎರಡು ಎಂಜಲು ತಟ್ಟೆ ಹಾಕಿದಳು.

ಯಜಮಾನಿ ಹತ್ತಕ್ಕೆ ಐದು ನಿಮಿಷವಿದ್ದಾಗ ಕಾರಿನಲ್ಲಿ ಬಂದಿಳಿದಳು. ಮನೆಯಲ್ಲಿ ಹಾಕುವ ಬಟ್ಟೆಯೆಂದು ತೊಟ್ಟುಕೊಂಡದ್ದರ ಮೇಲೆ ಇಸ್ತ್ರಿಯ ಗೆರೆ ಇನ್ನೂ ಹಾಗೇ ಇತ್ತು. ಸುತ್ತ ನೋಡಿ, "ಪರವಾಗಿಲ್ವೇ, ಒಳ್ಳೇ ಹೊಲಸು ಮಾಡಿದ್ದೀಯ" ಎಂದು ಮೆಚ್ಚಿದಳು.

ಪುರಸಭೆಯ ಅಧಿಕಾರಿ ಒಬ್ಬನೇ ನಡೆದುಕೊಂಡು ಬಂದ. ನಿದ್ದೆಗಣ್ಣಿನ ಮನುಷ್ಯ, ಕಂಕುಳಲ್ಲಿ ಫೈಲು. ಹಾಸಿಗೆ ನೋಡಿದ, ಅಂಗಿ ನೋಡಿದ, ಎಂಜಲು ತಟ್ಟೆ ನೋಡಿದ, ಎಲ್ಲದಕ್ಕೂ ಹೂಂ ಎಂದ. ಸೊಸೆ ಗೋಡೆಗೆ ಒತ್ತಿ ನಿಂತಿದ್ದಳು. ಕೊನೆಗೆ ಅವನು ಅಡುಗೆಮನೆಯ ಸ್ಟೂಲಿನ ಮೇಲೆ ಕೂತು ಹೇಳಿದ:

"ಮೇಡಂ, ಒಂದು ಲೋಟ ನೀರು ಕೊಡ್ತೀರಾ? ನಡೆದು ಸಾಕಾಯ್ತು."

"ಇವಳು ಕೊಡ್ತಾಳೆ."

"ಬೇಡ, ನೀವೇ ಕೊಡಿ. ಎಲ್ಲಾ ಮನೇಲೂ ಮನೆಯವರ ಕೈಯಿಂದಲೇ ಕುಡಿಯೋದು ನನ್ನ ಅಭ್ಯಾಸ."

ಯಜಮಾನಿ ನಗುತ್ತಲೇ ಒಂದು ಕಪಾಟು ತೆಗೆದಳು. ಪೊರಕೆಗಳಿದ್ದವು. ಇನ್ನೊಂದು ತೆಗೆದಳು. ಪ್ರವಾಸಿಗರ ಟವೆಲುಗಳು. "ಇಲ್ಲೇ ಇಟ್ಟಿದ್ದೆ. ಇವಳು ದಿನಾ ಜಾಗ ಬದಲಾಯಿಸ್ತಾಳೆ, ಹೇಳಿ ಹೇಳಿ ಸಾಕಾಗಿದೆ" ಎಂದು ಮೂರನೆಯದಕ್ಕೆ ಕೈ ಹಾಕಿದಳು. ಸೊಸೆ ಕಣ್ಣಿನಲ್ಲೇ ಒಲೆಯ ಮೇಲಿನ ಹಲಗೆ ತೋರಿಸಲು ಒದ್ದಾಡಿದಳು. ಯಜಮಾನಿಗೆ ಕೂಲಿಯವಳ ಕಣ್ಣು ನೋಡಿ ಅಭ್ಯಾಸವಿರಲಿಲ್ಲ.

ಅಷ್ಟರಲ್ಲಿ ಹಿಂದಿನ ಬಾಗಿಲು ತೆರೆಯಿತು. ಆ ಬಾಗಿಲು ಸುಲಭಕ್ಕೆ ತೆರೆಯುವಂಥದ್ದಲ್ಲ. ಮೇಲೆ ಭುಜ ಕೊಟ್ಟು, ಕೆಳಗೆ ಕಾಲಿನಿಂದ ಒದೆಯಬೇಕು. ಎರಡನ್ನೂ ಒಂದೇ ಏಟಿಗೆ ಮಾಡಿ, ಮಾತ್ರೆ ಡಬ್ಬಿ ಹುಡುಕಿಕೊಂಡು ಸೊಸೆಯ ಹಿಂದೆ ಹೊರಟಿದ್ದ ಅತ್ತೆ ಒಳಗೆ ಬಂದಳು. ಬಿಸಿಲಿಂದ ಬಂದವಳಿಗೆ ಒಳಗೆ ಯಾರಿದ್ದಾರೆಂದು ಕಾಣಲಿಲ್ಲ, ನೋಡುವ ಗೋಜಿಗೂ ಹೋಗಲಿಲ್ಲ. ಕಿಟಕಿಯಿಂದ ಮಾತ್ರೆ ಡಬ್ಬಿ ತೆಗೆದುಕೊಂಡಳು, ಹಲಗೆಯಿಂದ ಲೋಟ ಇಳಿಸಿದಳು, ಉಲ್ಟಾ ತಿರುಗಿಸಬೇಕಾದ ಆ ನಲ್ಲಿಯನ್ನು ಉಲ್ಟಾ ತಿರುಗಿಸಿ ನೀರು ಹಿಡಿದು ಮಾತ್ರೆ ನುಂಗಿದಳು. ನುಂಗಿ, ಎರಡು ಹೆಜ್ಜೆ ಹಿಂದೆ ಸರಿದು, ಬೆತ್ತದ ಕುರ್ಚಿಯಲ್ಲಿ ಕೂತಳು. ಆಮೇಲೆ ತಲೆಯೆತ್ತಿದಳು.

ಬಾಣಲೆ, ದಿಂಬು, ಮಗನ ಅಂಗಿ ಎಲ್ಲ ಅದದರ ಜಾಗದಲ್ಲಿ. ಮಧ್ಯೆ ಫೈಲು ಹಿಡಿದವನೊಬ್ಬ, ಇಸ್ತ್ರಿ ಬಟ್ಟೆಯ ಯಜಮಾನಿ, ಗೋಡೆಗೆ ಅಂಟಿದ ಸೊಸೆ.

"ಯಾರಜ್ಜಿ ನೀವು?" ಎಂದ ಅಧಿಕಾರಿ.

ಯಜಮಾನಿ ನಡುವೆ ಬಾಯಿ ಹಾಕಿದಳು. "ಅಯ್ಯೋ, ಅದು ಪಕ್ಕದ ಬೀದಿ ಮುದುಕಿ ಸಾರ್. ತಲೆ ನೆಟ್ಟಗಿಲ್ಲ. ಕಂಡಕಂಡೋರ ಮನೆಗೆ ನುಗ್ಗುತ್ತೆ, ಕೈಗೆ ಸಿಕ್ಕಿದ್ದು ತಿನ್ನುತ್ತೆ."

ಅದು. ನುಗ್ಗುತ್ತೆ. ತಿನ್ನುತ್ತೆ. ಬೀದಿನಾಯಿಗೆ ಹೇಳುವ ಹಾಗೆ. ಈ ಅತ್ತೆಯ ಬಾಯಿಗೆ ಹೆದರಿ ಮೀನಿನಂಗಡಿಯವನು ತೂಕ ಸರಿಯಾಗಿ ಹಾಕುತ್ತಿದ್ದ. ಮೊಮ್ಮಗಳಿಗೆ ಮಗ್ಗಿ ಕಲಿಸಿದವಳು ಇವಳು.

ಅಧಿಕಾರಿ ಸೊಸೆಯ ಕಡೆ ತಿರುಗಿದ. "ಹೌದೇನಮ್ಮಾ? ಇವರು ನಿಮಗೆ ಗೊತ್ತಾ?"

ಯಜಮಾನಿ ಸೊಸೆಯನ್ನೇ ನೋಡಿದಳು. ಏಳು ಮನೆಗಳ ಕೆಲಸ ಆ ನೋಟದಲ್ಲಿತ್ತು. ಗೊತ್ತು ಎಂದರೆ ನಾಳೆಯಿಂದ ಕೆಲಸವಿಲ್ಲ. ಗೊತ್ತಿಲ್ಲ ಎನ್ನಲು ನಾಲಿಗೆ ಏಳಲಿಲ್ಲ. ಸೊಸೆ ತಡೆದ ಆ ಒಂದು ಗಳಿಗೆಯಲ್ಲಿ ಅತ್ತೆಗೆ ಎಲ್ಲ ಅರ್ಥವಾಗಿಹೋಯಿತು. ಕುರ್ಚಿಯ ಕೈ ಹಿಡಿದು ಎದ್ದಳು.

"ಹೌದಪ್ಪಾ" ಎಂದಳು, ಯಾರೂ ಅವಳ ಬಾಯಿಂದ ಕೇಳಿರದ ಸಣ್ಣ ದನಿಯಲ್ಲಿ. "ವಯಸ್ಸಾಯ್ತು. ತಲೆ ನೆಟ್ಟಗಿಲ್ಲ. ಯಾರ ಮನೆ ಅಂತ ಮರೆತೇ ಹೋಗುತ್ತೆ. ಬೇಜಾರು ಮಾಡ್ಕೋಬೇಡಿ, ಹೊರಟೆ."

ಮಾತ್ರೆ ಡಬ್ಬಿಯನ್ನೂ ಕಿಟಕಿಯಲ್ಲೇ ವಾಪಸಿಟ್ಟು ಬಾಗಿಲ ಕಡೆ ನಡೆದಳು.

ಮನೆ ಬಿಡಿಸಿದಾಗ ಸೊಸೆ ಸಹಿಸಿದ್ದಳು. ತಾನು ಮಗಳನ್ನು ಮಲಗಿಸುತ್ತಿದ್ದ ಕೋಣೆಯಲ್ಲಿ ಯಾರ್‍ಯಾರದೋ ವಾಂತಿ ಒರೆಸುವಾಗ ಸಹಿಸಿದ್ದಳು. ಈಗಷ್ಟೇ ತನ್ನ ಮನೆಯ ಸಾಮಾನು ಹೊಲಸು ಎನಿಸಿಕೊಂಡಾಗಲೂ ಸಹಿಸಿದ್ದಳು. ಇದನ್ನು ಮಾತ್ರ ಸಹಿಸಲಾಗಲಿಲ್ಲ. ಊರಿನ ಯಾವ ಗಂಡಸಿಗೂ ತಲೆ ಬಗ್ಗಿಸದ ಮುದುಕಿ ತನ್ನ ಅನ್ನಕ್ಕಾಗಿ ಹುಚ್ಚಿಯಾಗಿ ಹೊರಟಿದ್ದಾಳೆ. ತಾನು ಗೋಡೆಗೆ ಒತ್ತಿ ನಿಂತು ನೋಡುತ್ತಿದ್ದೇನೆ.

"ಕೂತ್ಕೊಳ್ಳಿ ಅತ್ತೆ" ಎಂದಳು ಸೊಸೆ.

ಅತ್ತೆ ಬಾಗಿಲಲ್ಲೇ ತಿರುಗಿ ನಿಂತಳು.

"ಇವರು ನಮ್ಮತ್ತೆ ಸಾರ್. ತಲೆ ಊರಿಗೇ ಹಂಚುವಷ್ಟು ನೆಟ್ಟಗಿದೆ. ಆ ಮಾತ್ರೆ ಇವರದು, ಅಂಗಿ ನನ್ನ ಗಂಡಂದು, ಬಾಣಲೆ ಸುಟ್ಟೋಳು ನಾನು. ಹನ್ನೊಂದು ವರ್ಷ ನಾವಿಲ್ಲಿದ್ವಿ. ನಮ್ಮನ್ನ ಎಬ್ಬಿಸಿದ ಮೇಲೆ ಇಲ್ಲಿ ಯಾರೂ ಇಲ್ಲ. ಮೇಡಂ ಒಂದು ರಾತ್ರಿನೂ ಇಲ್ಲಿ ಮಲಗಿಲ್ಲ. ಆ ಹಾಸಿಗೆ ಬೆಳಿಗ್ಗೆ ನಾನೇ ಹೊರಳಾಡಿ ಕೆಡಿಸಿದ್ದು."

"ಉಂಡ ಮನೆ ಜಂತೆ ಎಣಿಸ್ತೀಯೇನೇ?" ಯಜಮಾನಿ ಕಪಾಟಿನ ಬಾಗಿಲು ಬಡಿದಳು. "ಬೀದಿಗೆ ಬಿದ್ದಿದ್ದೋಳನ್ನ ಕರೆದು ಕೆಲಸ ಕೊಟ್ಟೆನಲ್ಲ, ನನಗೇ ಬೇಕಿತ್ತು ಇದು."

"ಬೀದಿಗೆ ಹಾಕಿದ್ದು ಯಾರು ಅನ್ನೋದನ್ನೂ ಹೇಳಮ್ಮ" ಎಂದು ಅತ್ತೆ ಕುರ್ಚಿಯಲ್ಲಿ ಬಂದು ಕೂತಳು. ಹಳೆಯ ದನಿ ವಾಪಸು ಬಂದಿತ್ತು. "ಇನ್ನು ಜಂತೆ. ಹನ್ನೊಂದು ವರ್ಷ ಅದರ ಕೆಳಗೇ ಮಲಗಿದೋರು ಹೊಸದಾಗಿ ಏನು ಎಣಿಸ್ತಾರೆ? ಒಳಕೋಣೇಲಿ ಹದಿನಾಲ್ಕಿವೆ. ಏಳನೇದಕ್ಕೆ ಹುಳ ಬಿದ್ದಿದೆ. ಮೂರು ಸಲ ಹೇಳಿ ಕಳಿಸಿದ್ದೆ, ನೀನು ರಿಪೇರಿ ಮಾಡಿಸಲಿಲ್ಲ."

ಅಧಿಕಾರಿ ಎದ್ದು ಒಳಕೋಣೆಗೆ ಹೋದ. ಅಲ್ಲಿ ಕತ್ತೆತ್ತಿ ನಿಂತು, ತುಟಿ ಅಲ್ಲಾಡಿಸುತ್ತ ಬೆರಳು ಮಡಿಸುವುದು ಇಲ್ಲಿಗೂ ಕಾಣುತ್ತಿತ್ತು. ವಾಪಸು ಬಂದು ಫೈಲು ಬಿಚ್ಚಿ ನಿಧಾನವಾಗಿ ಒಂದು ಸಾಲು ಬರೆದ. ಸೊಸೆಗೆ ಓದಿ ಹೇಳಿ ಸಹಿ ಹಾಕಿಸಿಕೊಂಡ. ನಿಯಮದ ಪ್ರಕಾರ ಈ ಮನೆಗೆ ಮೊದಲ ಹಕ್ಕು ನಿಮ್ಮದೇ, ಅರ್ಜಿ ಕೊಡಿ, ಆದರೆ ಮಾಲೀಕರು ಕೋರ್ಟಿಗೆ ಹೋದರೆ ಎಷ್ಟು ದಿನ ಎಳೆಯುತ್ತದೋ ನಾನು ಹೇಳಲಾರೆ ಎಂದ.

"ಎಳೀಲಿ" ಎಂದಳು ಯಜಮಾನಿ. "ನಾನೂ ನೋಡ್ತೀನಿ. ಏಯ್, ಕೀ ಗೊಂಚಲು ಇಲ್ಲಿಡು. ನಾಳೆಯಿಂದ ಈ ಬೀದೀಲಿ ನಿನ್ನ ಮುಖ ಕಾಣಬಾರದು."

ಸೊಸೆ ಸೊಂಟದಿಂದ ಗೊಂಚಲು ಬಿಡಿಸಿದಳು. ಏಳೂ ಮನೆಗಳ ಕೀ ಅದರಲ್ಲಿತ್ತು. ಕೊಡಲು ಚಾಚಿದ ಕೈ ಅರ್ಧಕ್ಕೆ ನಿಂತಿತು.

"ಸಾರ್, ನಾಳೆ ನಿಮ್ಮ ಪಟ್ಟೀಲಿ ಯಾವ ಮನೆ?"

"ಹನ್ನೆರಡನೇ ನಂಬರು."

"ನಾಳೆ ಅಲ್ಲೂ ಇದೇ ದಿಂಬು, ಇದೇ ಬಾಣಲೆ ಇರೋದಿತ್ತು. ನಾಡಿದ್ದು ಹದಿನೈದರಲ್ಲಿ. ಇವತ್ತು ಆ ಮನೆಗಳೆಲ್ಲ ಹೇಗಿವೆಯೋ ಹಾಗೇ ಇವೆ, ಖಾಲಿ. ನೋಡೋದಾದರೆ ಈಗಲೇ ನೋಡಿ. ನಾಳೆಗೆ ಇನ್ಯಾರ ಮನೆ ಸಾಮಾನಾದರೂ ಬಂದು ಕೂತಿರುತ್ತೆ."

"ಅದು ನನ್ನ ತಮ್ಮನ ಮನೆ" ಎಂದಳು ಯಜಮಾನಿ. "ಅವನು ಅಲ್ಲೇ ವಾಸ ಇದ್ದಾನೆ. ಅವನ ಮನೆಗೆ ಇವಳ ಕೀ ಹಾಕಿ ನುಗ್ಗೋಕೆ ನಿಮಗೆ ಅಧಿಕಾರ ಇಲ್ಲ."

ಅಧಿಕಾರಿ ಫೈಲನ್ನು ಕಂಕುಳಿಗೆ ಸೇರಿಸಿದ. ಆ ನಿದ್ದೆಗಣ್ಣಿನಲ್ಲಿ ನಿದ್ದೆ ಇರಲಿಲ್ಲ. "ವಾಸ ಇದ್ದರೆ ಒಳ್ಳೇದಾಯ್ತು ಮೇಡಂ. ಕೀ ಬೇಕಾಗಲ್ಲ. ಬಾಗಿಲು ತಟ್ಟೋಣ, ಅವರೇ ತೆಗೀತಾರೆ."

ನಾಲ್ವರೂ ಬೀದಿಗಿಳಿದರು. ಬಿಸಿಲು ಏರಿತ್ತು. ಎಲ್ಲ ಬಾಗಿಲುಗಳ ಪಕ್ಕದಲ್ಲೂ ಕೀ ಡಬ್ಬಿಗಳು, ಎಲ್ಲ ಕಿಟಕಿಗಳಿಗೂ ಒಂದೇ ಬಿಳಿಯ ಪರದೆ. ಸೊಸೆ ಲೆಕ್ಕ ಹಾಕುತ್ತ ನಡೆದಳು. ಕೆಲಸ ಹೋಯಿತು, ಗಂಡನಿಗೆ ಹೇಳಬೇಕು, ಲಾಂಡ್ರಿಯ ಹಿಂದಿನ ಆ ಕೋಣೆಯಲ್ಲಿ ಇನ್ನೆಷ್ಟು ವರ್ಷವೋ. ಆದರೂ ಹೆಜ್ಜೆ ನಿಧಾನವಾಗಲಿಲ್ಲ.

ಹನ್ನೆರಡನೆಯ ನಂಬರಿನಲ್ಲಿ ಮೊದಲು ಇದ್ದದ್ದು ಆಸ್ಪತ್ರೆಯ ನರ್ಸಮ್ಮ. ಸೊಸೆಯ ಹೆರಿಗೆ ಮಾಡಿಸಿದವಳು. ಮೂರು ವರ್ಷದ ಕೆಳಗೆ ಅವಳನ್ನೂ ಎಬ್ಬಿಸಿದ ಮೇಲೆ ಎಲ್ಲಿಗೆ ಹೋದಳೆಂದು ಯಾರಿಗೂ ಸರಿಯಾಗಿ ತಿಳಿದಿರಲಿಲ್ಲ.

ಅತ್ತೆ ಎಲ್ಲರಿಗಿಂತ ಮುಂದೆ ಮೆಟ್ಟಿಲು ಹತ್ತಿದಳು. ಹಣೆಯ ಮೇಲೆ ಬಿದ್ದ ಕೂದಲನ್ನು ಹಿಂದಕ್ಕೆ ಸವರಿಕೊಂಡು, ಆ ಖಾಲಿ ಮನೆಯ ಬಾಗಿಲನ್ನು, ಹಿಂದೆ ತಟ್ಟುತ್ತಿದ್ದ ಹಾಗೆಯೇ, ಬೆರಳ ಗೆಣ್ಣಿನಿಂದ ಮೂರು ಸಲ ಮೆಲ್ಲಗೆ ತಟ್ಟಿದಳು.

"ನರ್ಸಮ್ಮಾ" ಎಂದು ಕರೆದು, ಒಳಗಿದ್ದವರು ಕೈಯೊರೆಸಿಕೊಂಡು ಬರುವಷ್ಟು ಹೊತ್ತು ಕಾಯಲು ಒಂದು ಪಕ್ಕಕ್ಕೆ ಸರಿದು ನಿಂತಳು.